ನೋವು ನುಂಗಿದ ಕೊಹ್ಲಿ ಗೊತ್ತು. ನೋವು ಹೇಳಿಕೊಂಡ ಕೊಹ್ಲಿ?

ನವದೆಹಲಿ: 2006ರ ಡಿಸೆಂಬರ್. ಫಿರೋಜ್ ಶಾ ಕೋಟ್ಲಾದಲ್ಲಿ ಕರ್ನಾಟಕದ ವಿರುದ್ಧದ ರಣಜಿ ಪಂದ್ಯದಲ್ಲಿ ದೆಹಲಿ ಫಾಲೋಆನ್ ಭೀತಿಯಲ್ಲಿತ್ತು. 40 ರನ್ ಗಳಿಸಿ ಅಜೇಯರಾಗಿ ಮನೆಗೆ ಹೋಗಿದ್ದ 18ರ ಹರೆಯದ ವಿರಾಟ್ ಕೊಹ್ಲಿ, ಆ ರಾತ್ರಿ ತಂದೆಯನ್ನು ಕಳೆದುಕೊಂಡರು. ಆದರೂ ಬೆಳಗ್ಗೆ ಕ್ರೀಸ್‌ಗೆ ಮರಳಿ, 90 ರನ್ ಗಳಿಸಿ ಔಟಾದ ಬಳಿಕವೇ ಅಂತ್ಯಕ್ರಿಯೆಗೆ ತೆರಳಿದರು.

ಮಾನಸಿಕ ಗಟ್ಟಿತನಕ್ಕೆ ಉದಾಹರಣೆಯಾಗಿ ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಇದು ಅರ್ಧ ಕತೆ ಮಾತ್ರ.

ಉಳಿದರ್ಧ 2022ರದ್ದು. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ತಿಂಗಳು ಬ್ಯಾಟ್ ಮುಟ್ಟಲಿಲ್ಲ, ಮನಸ್ಸು ಕುಗ್ಗಿತ್ತು, ಮೈದಾನದಲ್ಲಿನ ಆವೇಶವನ್ನೂ ಬಲವಂತವಾಗಿ ತಂದುಕೊಳ್ಳುತ್ತಿದ್ದೆ ಎಂದು ಏಷ್ಯಾ ಕಪ್ ವೇಳೆ ಕೊಹ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ಟೂರ್ನಿಯಲ್ಲಿ, ಸೆಪ್ಟೆಂಬರ್ 8ರಂದು ಅಫ್ಗಾನಿಸ್ತಾನದ ವಿರುದ್ಧ ಅಜೇಯ 122 ರನ್ ಬಾರಿಸಿದರು. 2019ರ ನವೆಂಬರ್ ನಂತರ ಅದು ಅವರ ಮೊದಲ ಅಂತರರಾಷ್ಟ್ರೀಯ ಶತಕ.

ಬಿಡುವೊಂದೇ ಶತಕ ತಂದುಕೊಟ್ಟಿತು ಎನ್ನಲಾಗದು. ಆದರೆ ಭಾವನಾತ್ಮಕ ಬುದ್ಧಿವಂತಿಕೆ ಎಂದರೆ ಭಾವನೆಯನ್ನು ಅದುಮಿಡುವುದಷ್ಟೇ ಅಲ್ಲ. ಒಳಗೆ ಏನಾಗುತ್ತಿದೆ ಎಂಬುದನ್ನು ಗುರುತಿಸಿ, ಆಡಬೇಕೋ ನಿಲ್ಲಬೇಕೋ ಎಂದು ನಿರ್ಧರಿಸುವುದೂ ಹೌದು.

ಪ್ರಶ್ನೆ ಇರುವುದು ಇಲ್ಲೇ. ತಾರಾ ಆಟಗಾರ ತಿಂಗಳು ಬಿಡುವು ಪಡೆದರೂ ತಂಡದ ಬಾಗಿಲು ತೆರೆದೇ ಇರುತ್ತದೆ. ದೆಹಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಆಯ್ಕೆಗಾಗಿ ಕಾಯುವ 16ರ ಹುಡುಗ ‘ಮನಸ್ಸು ಸರಿಯಿಲ್ಲ’ ಎಂದರೆ ಜಾಗ ಇನ್ನೊಬ್ಬನ ಪಾಲಾಗುವ ಭಯ. ಅಕಾಡೆಮಿಗಳು ಆ ಭಯ ನೀಗಿಸದಿದ್ದರೆ, ಮಕ್ಕಳು ಕೋಟ್ಲಾದ ಪಾಠವನ್ನಷ್ಟೇ ಕಲಿಯುತ್ತಾರೆ.