‘ಕಾಲಿಲ್ಲದಿದ್ದರೂ’ ಅನ್ನಬೇಡಿ

ನಮ್ಮಲ್ಲಿ ಸತ್ತವರನ್ನು ಹೊಗಳುವಾಗ ಒಂದು ಮಾತು ಬರುತ್ತೆ. “ಕಾಲಿಲ್ಲದಿದ್ದರೂ ಎಷ್ಟು ಚೆನ್ನಾಗಿ ಬಾಳಿದಳು!” 2019ರಲ್ಲಿ ಅಮೃತಹಳ್ಳಿಯ ನಮ್ಮ ಸೋದರತ್ತೆ ತೀರಿಕೊಂಡಾಗ ಬಂದವರೆಲ್ಲ ಇದನ್ನೇ ಅಂದರು. ಒಳ್ಳೆ ಮನಸ್ಸಿಂದಲೇ ಅಂದರು. ಆದರೆ ಆ ಮಾತಿನ ತುದಿಯಲ್ಲಿರುವ ‘ರೂ’ ಅನ್ನೋ ಒಂದಕ್ಷರ ಮುಳ್ಳಿನ ಹಾಗೆ ಚುಚ್ಚುತ್ತೆ. ಆ ಒಂದಕ್ಷರ ಬಹಳ ಜನರ ತಪ್ಪನ್ನು ಮುಚ್ಚಿಹಾಕುತ್ತೆ.

ಅತ್ತೆ ಎರಡು ವರ್ಷದ ಕೂಸಾಗಿದ್ದಾಗ, 1968ರಲ್ಲಿ, ಜ್ವರ ಬಂತು. ಜ್ವರ ಇಳೀತು, ಅದರ ಜೊತೆ ಎರಡೂ ಕಾಲಿನ ಶಕ್ತಿ ಇಳಿದುಹೋಯ್ತು. ಪೋಲಿಯೊ. ಅಂಗೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ಕೈಯೂರಿ ಸರೀತಾ ಕೇರಿಯೆಲ್ಲ ಸುತ್ತುತ್ತಿದ್ದಳು. ಕಾಲಲ್ಲಿ ತುಳಿಯೋ ಮಿಷನ್ ಆಗಲ್ಲ ಅಂತ ಕೈಯಲ್ಲಿ ತಿರುಗಿಸೋ ಹೊಲಿಗೆ ಮಿಷನ್ ಇಟ್ಟುಕೊಂಡಳು. ಕೇರಿಯ ಎಷ್ಟೋ ಹೆಣ್ಣುಮಕ್ಕಳು ಅವಳ ಪಕ್ಕ ಕೂತೇ ಕತ್ತರಿ ಹಿಡಿಯೋದು ಕಲಿತರು. ಚೀಟಿ ನಡೆಸಿದಳು, ಯಾರ ಒಂದು ರೂಪಾಯಿಯೂ ಮುಳುಗಲಿಲ್ಲ. “ನನ್ ಕಾಲು ಕೆಟ್ಟೈತೆ, ಲೆಕ್ಕ ಕೆಟ್ಟಿಲ್ಲ ಕಣ್ಲಾ” ಅನ್ನುತ್ತಿದ್ದಳು. ಮದುವೆ ಮನೇಲಿ ಸೋಬಾನೆ ಎತ್ತಿಕೊಡೋಳೂ ಅವಳೇ. ಜಗಳಕ್ಕೆ ಕೂತಳೆಂದರೆ ನಿಂತವರೆಲ್ಲ ಹಿಂದಕ್ಕೆ ಸರೀತಿದ್ದರು. ಇದು ತುಂಬಿದ ಬದುಕಲ್ಲವಾ?

ಆದರೆ ಅವಳು ಓದಲಿಲ್ಲ. ಯಾಕೆ? ಇಸ್ಕೂಲಿಗೆ ಮೂರು ಮೆಟ್ಟಿಲಿದ್ದವು. ಎತ್ತಿಕೊಂಡು ಹೋದ ನಮ್ಮಜ್ಜಿಗೆ “ಇವಳಿಗ್ಯಾಕಮ್ಮಾ ಓದು” ಅಂದರು. ಸಾಯೋವರೆಗೂ ಅವಳು ಒಬ್ಬಳೇ ಬಸ್ಸು ಹತ್ತಲಿಲ್ಲ. ಅವಳಿಗೆ ಬಸ್ಸಿನ ಮೆಟ್ಟಿಲೂ ಎತ್ತರ, ಕಂಡಕ್ಟರನ ಗದರಿಕೆಯೂ ಎತ್ತರ. ಹಾಗಾದರೆ ಹೇಳಿ, ರೋಗ ಕಿತ್ತುಕೊಂಡದ್ದೇನು, ನಾವು ಕಿತ್ತುಕೊಂಡದ್ದೇನು? ಕಾಲನ್ನು ರೋಗ ಕಿತ್ತುಕೊಂಡಿತು. ಅಕ್ಷರವನ್ನು ಕಿತ್ತುಕೊಂಡದ್ದು ಮೂರು ಮೆಟ್ಟಿಲು.

ಆ ರೋಗವಾದರೂ ಆಕಾಶದಿಂದ ಬಿತ್ತೇ? ಪೋಲಿಯೊ ವೈರಸ್ ಮಲದಿಂದ ನೀರಿಗೆ, ನೀರಿನಿಂದ ಮಗುವಿನ ಬಾಯಿಗೆ ಬರುತ್ತೆ. ಊರಿನ ಕೊಳಚೆ ಎಲ್ಲಿಗೆ ಹರಿಯುತ್ತೋ ಅಲ್ಲಿ ನಮ್ಮನ್ನು ಇಟ್ಟವರು ಯಾರು? 1927ರಲ್ಲಿ ಮಹಾಡಿನ ಚೌದಾರ್ ಕೆರೆಗೆ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋದದ್ದು ನೀರು ಮುಟ್ಟುವ ಹಕ್ಕಿಗೆ. ಚೊಕ್ಕ ನೀರಿನ ಹಕ್ಕು ಅಂದರೆ ಮಕ್ಕಳ ಕಾಲಿನ ಹಕ್ಕೂ ಹೌದು. ಜೋನಾಸ್ ಸಾಕ್ ಕಂಡುಹಿಡಿದ ಲಸಿಕೆ 1955ರಲ್ಲೇ ಬಳಕೆಗೆ ಬಂದಿತ್ತು. ಬಾಯಿಗೆ ಹಾಕುವ ಹನಿ 1960ರ ದಶಕದ ಆರಂಭದಲ್ಲೇ ಬಂತು. ನಮ್ಮ ದೇಶದಲ್ಲಿ ಮಕ್ಕಳಿಗೆಲ್ಲ ಲಸಿಕೆ ಹಾಕುವ ಸರ್ಕಾರಿ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ, ಪಲ್ಸ್ ಪೋಲಿಯೊ 1995ರಲ್ಲಿ. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದಲ್ಲಿ 2011ರ ಜನವರಿಯಲ್ಲಿ ಸಿಕ್ಕಿತು. 2014ರಲ್ಲಿ ಭಾರತ ಪೋಲಿಯೊಮುಕ್ತ ಅಂತ ಸಾರಿದರು. ಅಂದರೆ ತಡೆಯಬಹುದಾದ ರೋಗ ಇದು. ಅತ್ತೆಗೆ ಜ್ವರ ಬಂದಾಗ ಔಷಧ ಲೋಕದಲ್ಲಿತ್ತು, ಕೇರಿಯಲ್ಲಿರಲಿಲ್ಲ.

ಇದನ್ನೇ ಊರಿನವರು ‘ಕರ್ಮ’ ಅಂದರು. ನೀನು ಈ ಜಾತೀಲಿ ಹುಟ್ಟಿದ್ದು ಹೋದ ಜನ್ಮದ ಪಾಪ ಅಂತ ಹೇಳಿದ ಬಾಯಿಯೇ, ನಿನ್ನ ಕಾಲು ಹೋದದ್ದೂ ಹೋದ ಜನ್ಮದ ಪಾಪ ಅನ್ನುತ್ತೆ. ಬೀಗ ಎರಡು, ಕೀಲಿಕೈ ಒಂದೇ. 2011ರ ಜನಗಣತಿ ನೋಡಿ. ದೇಶದ ಒಟ್ಟು ಜನರಲ್ಲಿ ಅಂಗವಿಕಲರು ಶೇ. 2.21. ಪರಿಶಿಷ್ಟ ಜಾತಿಯವರಲ್ಲಿ ಶೇ. 2.45. ಪಾಪಕ್ಕೂ ಜಾತಿ ಲೆಕ್ಕ ಗೊತ್ತಿದೆಯಾ? ಗೊತ್ತಿರೋದು ಹಸಿವಿಗೆ, ಕೊಳಚೆಗೆ, ದೂರದ ಆಸ್ಪತ್ರೆಗೆ.

ಇನ್ನು ಹೆಸರಿನ ಮಾತು. ಮೇಲಿನವರು ನಮಗೆ ‘ಹರಿಜನ’ ಅಂತ ಸಿಹಿ ಹೆಸರು ಕೊಟ್ಟರು. ಬಾವಿ ಮಾತ್ರ ಕೊಡಲಿಲ್ಲ. ನಾವು ಆ ಹೆಸರನ್ನು ವಾಪಸು ಎಸೆದೆವು. 2015ರಿಂದ ಅಂಗವಿಕಲರಿಗೆ ‘ದಿವ್ಯಾಂಗ’ ಅನ್ನುವ ಹೆಸರು ಬಂದಿದೆ. ದೇವರಿಗೆ ಜೋಡಿಸಿದ ಹೆಸರು ಬಂದಾಗಲೆಲ್ಲ ನಾವು ಎಚ್ಚರಾಗಬೇಕು. ಅತ್ತೆಗೆ ದಿವ್ಯವಾದದ್ದೇನೂ ಬೇಕಿರಲಿಲ್ಲ. ಮೂರು ಮೆಟ್ಟಿಲ ಪಕ್ಕ ಒಂದು ಇಳಿಜಾರು ಬೇಕಿತ್ತು.

ಬೆಂಗಳೂರಿನ ಮಾಲತಿ ಹೊಳ್ಳ ಪೋಲಿಯೊ ಆದವರು. ಕ್ರೀಡೆಯಲ್ಲಿ ಪದಕಗಳನ್ನು ಗೆದ್ದು 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು. ಪೋಲಿಯೊ ಆದ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದವರು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಇಬ್ಬರೂ ದೊಡ್ಡವರು, ನಮಸ್ಕಾರ. ಆದರೆ ಪದಕ ಗೆದ್ದವರಿಗೆ ಮಾತ್ರ ಮರ್ಯಾದೆ ಅಂದರೆ ಉಳಿದವರ ಗತಿ? ಚೀಟಿ ಕಟ್ಟಿಸಿಕೊಂಡು, ರವಿಕೆ ಹೊಲಿದು, ಬೈದು, ನಕ್ಕು ಬಾಳೋದಕ್ಕೂ ಹಕ್ಕಿರಬೇಕು. ನಮಗೆಲ್ಲ ಪಾಠ ಆಗೋಕೆ ಅವರು ಹುಟ್ಟಿಲ್ಲ.

ಈಗ ನಮ್ಮ ಕಡೆ ತಿರುಗೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಶೇ. 4, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5 ಮೀಸಲು ಕೊಟ್ಟಿದೆ. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದಲ್ಲಿ ಅವರು ಓಡಾಡುವ ಹಾಗೆ ಮಾಡಬೇಕು ಅಂದಿದೆ. ಆ ಗಡುವು 2022ರಲ್ಲೇ ಮುಗೀತು. ಮೀಸಲಾತಿ ಅಂದಕೂಡಲೇ ‘ಭಿಕ್ಷೆ’ ಅನ್ನೋರ ಬಾಯಿ ಮುಚ್ಚಿಸಲು ನಮಗೆ ಗೊತ್ತು. ಅದೇ ಬಾಯಿ ಇವರನ್ನೂ ಅಣಕಿಸುವಾಗ ನಾವು ಸುಮ್ಮನಿರಬಹುದಾ? ನಮ್ಮ ಸಭೆಗಳನ್ನೇ ಎರಡನೇ ಮಹಡಿಯಲ್ಲಿ ಇಟ್ಟುಕೊಂಡು ಸಮಾನತೆ ಭಾಷಣ ಮಾಡಬಹುದಾ?

ಹಾಸ್ಟೆಲಿನ ಗೆಳೆಯರೆ, ಕೆಲಸ ದೊಡ್ಡದಲ್ಲ. ಇವತ್ತು ರಾತ್ರಿ ಊಟಕ್ಕೆ ಹೋಗುವಾಗ ನಿಮ್ಮ ಹಾಸ್ಟೆಲಿನ ಮೆಟ್ಟಿಲು ಎಣಿಸಿ. ಕಕ್ಕಸಿನ ಬಾಗಿಲ ಅಗಲ ಅಳೆಯಿರಿ. ವಾರ್ಡನ್ನರಿಗೆ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ, ಕಾಯ್ದೆಯ ಹೆಸರು, ವರ್ಷ ಅದರಲ್ಲಿರಲಿ. ಉತ್ತರ ಬರದಿದ್ದರೆ ತಾಲ್ಲೂಕು ಕಚೇರಿಗೆ ಹೋಗೋಣ. ಮುಂದಿನ ಸಭೆ ನೆಲಮಹಡಿಯಲ್ಲೇ ಆಗಲಿ. ಕೈಯೂರಿ ಬರುವವರು ಯಾರನ್ನೂ ಕೇಳದೆ ಒಳಗೆ ಬಂದು, ಮುಂದಿನ ಸಾಲಲ್ಲಿ ಕೂತು, ನಮ್ಮನ್ನೇ ಬೈಯಲಿ.