ಮುನ್ಸೂಚನೆ ಯಾರ ಸೊತ್ತು?

ಯಲ್ಲಾಪುರ ತಾಲೂಕಿನ ಚಂದಗುಳಿಯಲ್ಲಿ ಹರಕೆ ಹೊತ್ತವರು ಗಣಪತಿಗೆ ಗಂಟೆ ಕಟ್ಟುತ್ತಾರೆ. ಗಂಟೆಯ ಸದ್ದಿಗೆ ಧಣಿಯ ಕಿವಿ, ಕೂಲಿಯ ಕಿವಿ ಎಂಬ ಭೇದವಿಲ್ಲ. ಈ ದೇಶದ ಜನ ತಮ್ಮ ತೆರಿಗೆಯ ಹಣದಿಂದ ಆಕಾಶದಲ್ಲೂ ಒಂದು ಗಂಟೆ ಕಟ್ಟಿದ್ದಾರೆ. ಅದರ ಸದ್ದು ಯಾರಿಗೆ ಕೇಳಬೇಕು ಎಂಬುದೇ ನಮ್ಮ ಪ್ರಶ್ನೆ.

ಆ ಗಂಟೆಯ ಹೆಸರು ಆದಿತ್ಯ-ಎಲ್1. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯನ ದಿಕ್ಕಿನಲ್ಲಿ ನೆಲೆಗೊಂಡಿತು. ಸೂರ್ಯನಿಂದ ಬೀಸುವ ವಿದ್ಯುತ್ಕಣಗಳ ಗಾಳಿಯನ್ನೂ ಅದರೊಡನೆ ಬರುವ ಕಾಂತಕ್ಷೇತ್ರವನ್ನೂ ಅದು ಅಳೆಯುತ್ತದೆ. ಸೂರ್ಯ ಸಿಡಿದದ್ದು ಒಂದೆರಡು ದಿನ ಮೊದಲೇ ಕಾಣುತ್ತದೆ, ನಿಜ. ಆದರೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೇನೇ ಭೂಮಿಯ ಕಾಂತಕವಚದ ಬಾಗಿಲು ತೆರೆದು ದೊಡ್ಡ ಬಿರುಗಾಳಿ ಏಳುತ್ತದೆ. ಆ ದಿಕ್ಕು ಖಚಿತವಾಗುವುದು ಗಾಳಿ ಈ ಕಾವಲುಠಾಣೆಗೆ ಬಂದಾಗಲೇ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಗಾಳಿಯಾದರೆ ನಮಗುಳಿಯುವುದು ಒಂದು ತಾಸು. 800 ಆದರೆ ಅರ್ಧ ತಾಸು. ಕಡತ ಮೇಜಿನಿಂದ ಮೇಜಿಗೆ ತೆವಳುವಷ್ಟರಲ್ಲಿ ಬಿರುಗಾಳಿ ಬಂದಾಗಿರುತ್ತದೆ!

ಇದು ಕಟ್ಟುಕಥೆಯಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿ ಕುಳಿತರು. 2024ರ ಮೇ 10ರ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಅಮೆರಿಕದಲ್ಲಿ ಬಿತ್ತನೆಯ ಹೊತ್ತಿಗೇ ಉಪಗ್ರಹ ನಂಬಿದ ಟ್ರ್ಯಾಕ್ಟರುಗಳು ದಾರಿ ತಪ್ಪಿದವು.

"ಅದು ಧ್ರುವದ ಕಡೆಯವರ ಕಷ್ಟ, ನಮಗೇನು?" ಎನ್ನುವವರಿದ್ದಾರೆ. ನಮ್ಮ ತಂತಿಗಳಿಗೆ ಅಪಾಯ ಅವರಿಗಿಂತ ಕಡಿಮೆ ಎಂಬುದನ್ನು ನಾವೂ ಒಪ್ಪುತ್ತೇವೆ. ಪ್ರಳಯವೆಂದು ಕಿರುಚಿ ಭಯ ಮಾರುವವರ ಸಾಲಿನಲ್ಲಿ ನಾವಿಲ್ಲ. ಆದರೆ ಕಾರವಾರದ ಮೀನುಗಾರನ ದಿಕ್ಕು ತೋರುವ ಯಂತ್ರ, ಲಾರಿಯವನ ದಾರಿ ಎಲ್ಲವೂ ಇಂದು ಉಪಗ್ರಹಕ್ಕೆ ಕಟ್ಟುಬಿದ್ದಿವೆ. ಕಾಳಿ ನದಿಯನ್ನೂ ಕೈಗಾದ ನೆಲವನ್ನೂ ಕೊಟ್ಟು ನಾಡಿಗೆ ಬೆಳಕಾದ ಜಿಲ್ಲೆ ನಮ್ಮದು. ಆ ಬೆಳಕಿಗೆ ಕುತ್ತು ಬರುವ ಸುದ್ದಿ ನಮಗೇ ಕೊನೆಗೆ ತಿಳಿಯಬೇಕೆ?

ವಿಮಾನ ಕಂಪನಿಗಳಿಗೆ ಸಲ್ಲುವ ಎಚ್ಚರಿಕೆ ಅದೇ ನಿಮಿಷದಲ್ಲಿ ದೋಣಿಗೂ ಅಂಗಡಿಗೂ ಗಿರಣಿಯ ಗೇಟಿಗೂ ಬರಲಿ, ತಿಳಿಗನ್ನಡದಲ್ಲಿ ಬರಲಿ. ಆಕಾಶವಾಣಿ ಅದನ್ನು ಸಾರಲಿ. ವಿದ್ಯುತ್ ನಿಂತು ಯಂತ್ರ ನಿಂತರೆ, ಸೂರ್ಯನ ತಪ್ಪಿಗೆ ಕಾರ್ಮಿಕನ ಕೂಲಿ ಕಡಿಯಬಾರದು.

ಹಣ ಕೊಟ್ಟವರು ನಾವು. ಗಂಟೆ ನಮಗೂ ಕೇಳಲಿ!