ಸೈಕಲ್ ಖಾತೆ – 6: 530 ಇರುವಾಗ 540 ಯಾಕೆ ಗುರು?

ಬೈಕ್ ಕಂಪ್ಯೂಟರ್ ಅಂದ ತಕ್ಷಣ ಪಲ್ಸರ್, ಬುಲೆಟ್ ನೆನೆಸ್ಕೋಬೇಡಿ. ಇದು ಸೈಕಲ್ ಹ್ಯಾಂಡಲ್ ಮೇಲೆ ಕೂರೋ ಪುಟ್ಟ ಡಬ್ಬಿ. ಸ್ಪೀಡು, ದೂರ, ಏರು, ಹೃದಯಬಡಿತ, ಹೋಗೋ ದಾರಿ, ಎಲ್ಲ ಅದ್ರಲ್ಲೇ ಕಾಣುತ್ತೆ. ಹೋದ ಪೋಸ್ಟ್‌ನ ಫೋಟೋ ನೋಡಿ ತುಂಬಾ ಜನ ಕೇಳಿದ್ರಿ, "540 ಬಂದು ಎಷ್ಟು ದಿನ ಆಯ್ತು, ನೀನು ಸೆಕೆಂಡ್ ಹ್ಯಾಂಡ್ 530 ಯಾಕೆ ತಗೊಂಡೆ?" ಅಂತ. ಅದಕ್ಕೇ ಇವತ್ತಿನ ಉದ್ದ ಕ್ಯಾಪ್ಷನ್.

ಗಾರ್ಮಿನ್ ಎಡ್ಜ್ 530 ಬಂದಿದ್ದು 2019ರಲ್ಲಿ, 540 ಬಂದಿದ್ದು 2023ರಲ್ಲಿ. ಎರಡರದ್ದೂ 2.6 ಇಂಚಿನ ಸ್ಕ್ರೀನೇ. ಎರಡರಲ್ಲೂ ಟಚ್ ಇಲ್ಲ, ಬಟನ್ ಒತ್ತಬೇಕು (ಮಳೇಲಿ ಅದೇ ವಾಸಿ). ಎಷ್ಟು ಎತ್ತರ ಹತ್ತಿದ್ರಿ ಅಂತ ಅಳೆಯೋ ಬ್ಯಾರೋಮೀಟರ್ ಎರಡರಲ್ಲೂ ಇದೆ. ಎದೆಗೆ ಕಟ್ಟೋ ಹಾರ್ಟ್ ರೇಟ್ ಬೆಲ್ಟ್ ಎರಡಕ್ಕೂ ಸೇರುತ್ತೆ, ರೈಡು ಸ್ಟ್ರಾವಾಗೂ ಹೋಗುತ್ತೆ.

ಹಾಗಾದ್ರೆ ಹೆಚ್ಚಿಗೆ ಏನು ಕೊಡ್ತಾರೆ? ಒಂದು, ಕ್ಲೈಂಬ್‌ಪ್ರೋ. ಏರು ಇನ್ನೆಷ್ಟು ಉಳಿದಿದೆ, ಎಷ್ಟು ಕಡಿದಾಗಿದೆ ಅಂತ ತೋರಿಸೋದು. 530ರಲ್ಲಿ ಮೊದಲೇ ರೂಟ್ ಹಾಕಿಟ್ರೆ ಮಾತ್ರ ಬರುತ್ತೆ, 540ರಲ್ಲಿ ರೂಟ್ ಇಲ್ದಿದ್ರೂ ಬರುತ್ತೆ. ಸರಿ. ಆದ್ರೆ ನಾನು ಹತ್ತೋದು ವಾರವಾರ ಅದೇ ಚಾಮುಂಡಿ ಬೆಟ್ಟ. ನಂದಿಗೆ ಹೋಗೋ ಕವಲು ಬಂದ್ರೆ ಇನ್ನೆಷ್ಟಿದೆ ಅಂತ ನನ್ನ ಮಂಡಿಗೇ ಗೊತ್ತು! ಎರಡು, 540 ಮಲ್ಟಿ ಬ್ಯಾಂಡ್ ಜಿಪಿಎಸ್. ಎರಡು ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಹಿಡಿಯೋದ್ರಿಂದ ಎತ್ತರದ ಕಟ್ಟಡ, ಬಂಡೆಗೆ ಬಡಿದು ಬರೋ ಸಿಗ್ನಲ್ಲಿನ ತಪ್ಪು ಕಮ್ಮಿ. ಮೈಸೂರಿನ ಬಯಲು ರೋಡಲ್ಲಿ ಅದರ ಕೆಲಸ ಎಷ್ಟಿದೆ, ನೀವೇ ಹೇಳಿ.

ಮೂರನೇದು ಬ್ಯಾಟರಿ. ಇಲ್ಲಿ ನಾನು 540 ಪರ. ಕಂಪನಿ ಲೆಕ್ಕದಲ್ಲಿ 530ಕ್ಕೆ 20 ಗಂಟೆ, 540ಕ್ಕೆ 26. ಅದೂ ಹೊಸದಾಗಿದ್ದಾಗ. ಐದು ವರ್ಷ ಬಳಸಿದ 530 ತಗೊಂಡ್ರೆ ಅಷ್ಟು ನಿರೀಕ್ಷೆ ಬೇಡ. ಮೇಲಾಗಿ ಅದಕ್ಕೆ ಹಳೇ ಮೈಕ್ರೋ ಯುಎಸ್‌ಬಿ ಕೇಬಲ್, 540ಕ್ಕೆ ನಿಮ್ಮ ಫೋನಿನ ಟೈಪ್ ಸಿ ಸಾಕು. 200 ಕಿ.ಮೀ. ಬಿಆರ್‌ಎಂ ಮುಗಿಸೋಕೆ ಕೊಡೋ ಸಮಯ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27. ನೀವು 300, 400 ಓಡಿಸೋರಾದ್ರೆ ನನ್ನ ಮಾತು ಬಿಡಿ, 540ನೇ ತಗೊಳ್ಳಿ. ನಮ್ಮ ಕ್ಲಾಸಲ್ಲಿ ಅಂಥೋರು ಎಷ್ಟು ಜನ? ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ದೋಸೆ ತಿಂದು ಬರೋಕೆ 26 ಗಂಟೆ ಬ್ಯಾಟರಿ ಬೇಕಾ?

ಇನ್ನೊಂದು ತಮಾಷೆ. 2025ರಲ್ಲಿ 550 ಬಂತು. ಸ್ಕ್ರೀನ್ ಏನೋ ಭಾರಿ ಬ್ರೈಟು, ಆದ್ರೆ ಫುಲ್ ಬಳಕೇಲಿ ಬ್ಯಾಟರಿ 12 ಗಂಟೆ ಅಂತ ಕಂಪನಿಯೇ ಹೇಳುತ್ತೆ. ಅಂದ್ರೆ ನೀವು ಹೊಸದು ಹೊಸದು ಅಂತಿರೋ 540 ಆಗ್ಲೇ ಹಿಂದಿನ ಮಾಡೆಲ್. ಬಿಕಾಂನೋರಿಗೆ ಬಿಡಿಸಿ ಹೇಳ್ಬೇಕಾ? ಇನ್‌ಕಮ್ ಟ್ಯಾಕ್ಸ್ ಪೇಪರಲ್ಲಿ ಕಂಪ್ಯೂಟರಿಗೆ 40% ಸವಕಳಿ ಹಾಕ್ತೀವಲ್ಲ, ನೂರು ರೂಪಾಯಿದು ಮೂರು ವರ್ಷಕ್ಕೆ 21 ರೂಪಾಯಿ 60 ಪೈಸೆ. ಆ ಮೊದಲ ಮೂರು ವರ್ಷದ ಸವಕಳಿ ಬೇರೆಯೋರ ಜೇಬಿಂದ ಹೋಗ್ಲಿ ಅನ್ನೋದೇ ನನ್ನ ವಾದ.

ನಿಜ ಹೇಳ್ಬೇಕಂದ್ರೆ ನಾನೂ 540ನೇ ತಗೊಳ್ಳೋನಿದ್ದೆ. ಆಡಿಟರ್ ಆಫೀಸಲ್ಲಿ ಎಂಟು ತಿಂಗಳು ಶನಿವಾರ ಕೂತು ಟ್ಯಾಲಿ ಎಂಟ್ರಿ ಮಾಡಿ ದುಡ್ಡು ಕೂಡಿಸಿದ್ದೆ, ಕಾರ್ಟಲ್ಲಿ ಹಾಕಿಯೂ ಇಟ್ಟಿದ್ದೆ. ಆ ವಾರ ಮಳೆ ನಿಂತ ಮೇಲೆ ಬೆಟ್ಟ ಇಳೀತಿದ್ದೆ. ತಿರುವಲ್ಲಿ ಬ್ರೇಕ್ ಒತ್ತಿದ್ರೆ ಸೈಕಲ್ ನಿಲ್ಲಲೇ ಇಲ್ಲ. ಪ್ಯಾಡ್ ಸವೆದು ಹೋಗಿತ್ತು. ರೋಡ್ ಬಿಟ್ಟು ಮಣ್ಣಿಗೆ ಇಳಿದು, ಪೊದೆಗೆ ಹೋಗಿ ನಿಂತೆ. ಮೊಣಕೈ ತರಚಿತು, ಅಷ್ಟೇ. ಎದುರಿಂದ ಬಸ್ ಬಂದಿದ್ರೆ? ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಸವೆದ ಪ್ಯಾಡ್ ನಂಗೆ ಒಂದು ತಿಂಗಳಿಂದ ಗೊತ್ತಿತ್ತು, "ಕಂಪ್ಯೂಟರ್ ಬಂದ್ಮೇಲೆ ನೋಡೋಣ" ಅಂತಿದ್ದೆ. ನಾಚಿಕೆ ಆಗ್ಬೇಕು.

ಕಾರ್ಟ್ ಖಾಲಿ ಮಾಡಿದೆ. ಬ್ರೇಕ್ ಪ್ಯಾಡು, ಕೇಬಲ್ಲು, ಎರಡು ಟೈರು, ಹಿಂದಕ್ಕೊಂದು ಕೆಂಪು ಲೈಟು, ಹೊಸ ಹೆಲ್ಮೆಟ್. ಉಳಿದಿದ್ರಲ್ಲಿ ಈ 530.

ನೀವೂ ಹಳೇದು ನೋಡ್ತಿದ್ರೆ, ದುಡ್ಡು ಕೊಡೋಕ್ಮುಂಚೆ ಒಂದು ಗಂಟೆ ಜಿಪಿಎಸ್ ಆನ್ ಮಾಡಿ ಎಷ್ಟು ಪರ್ಸೆಂಟ್ ಇಳೀತು ನೋಡಿ. ಎಲ್ಲ ಬಟನ್ನೂ ಒತ್ತಿ. ಹಿಂದೆ ಮೌಂಟಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಹಲ್ಲು ಮುರಿದಿದ್ರೆ ಬೇಡವೇ ಬೇಡ, ಹಳ್ಳ ಬಂದಾಗ ಡಬ್ಬಿ ಹಾರಿ ಹೋಗುತ್ತೆ. ಮಾರೋರ ಅಕೌಂಟಿಂದ ತೆಗೆಸೋದು ಮರೀಬೇಡಿ.

ಮುಂದಿನ ಭಾಗ ಟೈರ್ ಪಂಕ್ಚರ್ ಬಗ್ಗೆ. ಅಷ್ಟರಲ್ಲಿ ನಿಮ್ಮ ಬ್ರೇಕ್ ಪ್ಯಾಡ್ ಫೋಟೋ ತೆಗೆದು ಡಿಎಂ ಮಾಡಿ, ನೋಡಿ ಹೇಳ್ತೀನಿ.